ಕಾರ್ತಿಕ ಹುಣ್ಣಿಮೆಯೊಳಗೆ ತಾರಸಿ ಆಗಬೇಕು: ಕಾಶಿ ಛತ್ರದಿಂದ ದಾನಿಗಳಿಗೆ ಮನವಿ

ಮಾನ್ಯರೇ, ನಮಸ್ಕಾರಗಳು.

ನಮ್ಮ ಪತ್ರ ಪ್ರತಿ ವರ್ಷ ಯುಗಾದಿ ಹೊತ್ತಿಗೆ ನಿಮ್ಮ ಕೈ ಸೇರುತ್ತದೆ. ಅನ್ನಪೂರ್ಣೆಯ ಕುಂಕುಮ, ಕಾಶಿ ದಾರ, ಹಿಂದಿನ ವರ್ಷದ ಲೆಕ್ಕಪತ್ರ, ಎಲ್ಲಾ ಒಂದೇ ಲಕೋಟೆಯಲ್ಲಿ. ಈ ಸಲ ಭಾದ್ರಪದದಲ್ಲೇ ಬರೆಯುವ ಹಾಗಾಯ್ತು. ಛತ್ರದ ಮಹಡಿ ಹಜಾರ ಸೋರಿದ ಸುದ್ದಿ ವಾಟ್ಸಾಪ್‌ನಲ್ಲಿ ನಿಮ್ಮಲ್ಲಿ ಹಲವರಿಗೆ ಆಗಲೇ ತಲುಪಿದೆ. ಕೆಲವರು ಫೋನ್ ಮಾಡಿ "ಛತ್ರ ಬಿದ್ದುಹೋಯ್ತಂತೆ, ಹೌದಾ?" ಅಂತಲೂ ಕೇಳಿದರು. ಬಿದ್ದಿಲ್ಲ. ಹಾಗಂತ ಸುಮ್ನೆ ಕೂರುವ ಸ್ಥಿತಿಯೂ ಇಲ್ಲ.

ನಡೆದದ್ದು ಇಷ್ಟು. ಶ್ರಾವಣದ ಎರಡನೇ ವಾರ. ಗಂಗೆ ಮೆಟ್ಟಿಲು ಮುಳುಗಿಸಿ ಮೇಲೇರುತ್ತಿದ್ದ ದಿನಗಳು. ದೋಣಿ ಬಂದ್. ಸಂಜೆಯ ಆರತಿಯನ್ನು ಮಾಳಿಗೆ ಮೇಲೆ ಮಾಡುತ್ತಿದ್ದರು. ನಮ್ಮ ಮಹಡಿ ಹಜಾರದಲ್ಲಿ ಚಿತ್ರದುರ್ಗ, ಹಿರಿಯೂರು ಕಡೆಯ ನಲವತ್ತು ಜನ ಮಲಗಿದ್ದರು. ರಾತ್ರಿ ಎರಡು ಗಂಟೆಗೆ ಮಳೆ ಜೋರಾಯ್ತು. ಮೊದಲು ಮೂಲೆಯಲ್ಲಿ ತೊಟ್ಟು. ಆಮೇಲೆ ಫ್ಯಾನಿನ ಕೊಂಡಿಯಿಂದಲೇ ಧಾರೆ. ಮೇನ್ ಆಫ್ ಮಾಡಿ, ಟಾರ್ಚ್ ಹಿಡಿದು, ಒಬ್ಬೊಬ್ಬರನ್ನೇ ಕೆಳಗಿಳಿಸಿದೆವು. ಅಡುಗೆ ಭಟ್ಟರು ಕೊಪ್ಪರಿಗೆ, ಸಾರಿನ ಬಕೆಟ್ಟು, ಕೊನೆಗೆ ಹಪ್ಪಳ ಕರಿಯುವ ಬಾಣಲೆಯನ್ನೂ ತಂದು ಸಾಲಾಗಿ ಇಟ್ಟರು. ಬೆಳಗಿನ ಜಾವ ಉಗ್ರಾಣದ ಮೇಲಿನ ಗಾರೆ ದಪ್ಪಗೆ ಕಿತ್ತು ಬಿತ್ತು. ಗಂಗಾವತಿಯಿಂದ ಬಂದಿದ್ದ ಸೋನಾ ಮಸೂರಿ, ಮೂರು ಮೂಟೆ, ಸುಣ್ಣದ ನೀರಲ್ಲಿ ಕಲಸಿಹೋಯ್ತು. ಯಾರಿಗೂ ಪೆಟ್ಟಾಗಲಿಲ್ಲ. ವಿಶ್ವನಾಥನ ದಯೆ.

ಕೆಳಗೆ ಊಟದ ಮನೆಯಲ್ಲಿ ಒಬ್ಬ ಅಜ್ಜಿ ಬೆಳಗಿನ ತನಕ ಕಂಬಕ್ಕೆ ಒರಗಿ ಕೂತಿದ್ದರು. ಮಡಿಲಲ್ಲಿ ಕೆಂಪು ಬಟ್ಟೆ ಕಟ್ಟಿದ ಪುಟ್ಟ ಮಡಕೆ, ಅದರ ಮೇಲೆ ಸೆರಗು. ಯಜಮಾನರ ಅಸ್ಥಿ. "ಕೆಳಗಿಡಿ ಅಜ್ಜಿ, ಇಲ್ಲಿ ಸೋರಲ್ಲ" ಅಂದೆ. "ಇರ್ಲಿ ಬಿಡಪ್ಪ, ಅವರಿಗೆ ಮೊದಲಿಂದಲೂ ಮಳೆ ಆಗಿಬರ್ತಿರಲಿಲ್ಲ" ಅಂದರು. ಬೆಳಗಾದರೆ ಗಂಗೆಗೆ ಬಿಡಬೇಕಾದ್ದು ಅದು.

ತಾರಸಿ ಯಾಕೆ ಸೋರಿತು ಅಂತ ನೀವು ಕೇಳುತ್ತೀರಿ. ಕೇಳಬೇಕಾದ್ದೇ. ನಾಲ್ಕು ವರ್ಷದ ಹಿಂದೆ ನಿಮ್ಮದೇ ದುಡ್ಡಲ್ಲಿ ರಿಪೇರಿ ಮಾಡಿಸಿದ್ದೆವಲ್ಲ. ಆಗ ಬಂದ ಕಂಟ್ರಾಕ್ಟರು, ಹೆಸರು ಬೇಡ, ಹಳೇ ಸುಣ್ಣದ ಗಾರೆ ಮೇಲೆ ಸಿಮೆಂಟ್ ಎಳೆದು ಅದರ ಮೇಲೆ ಕಪ್ಪು ಹಾಳೆ ಅಂಟಿಸಿ ಹತ್ತು ವರ್ಷ ಚಿಂತೆ ಇಲ್ಲ ಅಂದಿದ್ದರು. ಕಾಶಿಯ ಮೇ ತಿಂಗಳ ಬಿಸಿಲಿಗೆ ಹಾಳೆ ಅಪ್ಪಳದ ಹಾಗೆ ಎದ್ದಿತು. ಎದ್ದ ತುದಿಯನ್ನು ಕೋತಿಗಳು ಎಳೆದು ಎಳೆದು ಹರಿದವು. ಈ ಊರಿನ ಕೋತಿಗಳ ವಿಚಾರ ಇಲ್ಲಿಗೆ ಬಂದವರಿಗೆ ಹೇಳಬೇಕಾಗಿಲ್ಲ. ಸಿಮೆಂಟ್ ಬಿರುಕು ಬಿಟ್ಟ ಕಡೆ ನೀರು ಇಳಿದು, ಹೊರಗೆ ಬರಲು ದಾರಿ ಇಲ್ಲದೆ ಒಳಗಿನ ಸುಣ್ಣವನ್ನೇ ತಿಂದಿದೆ. ತಪ್ಪು ನಮ್ಮದೂ ಹೌದು. ಕಡಿಮೆ ದರ ನೋಡಿ ಒಪ್ಪಿದ್ದು ನಾವೇ.

ಛತ್ರ ಶುರುವಾದ ಕಥೆ ನಿಮಗೆಲ್ಲ ಗೊತ್ತಿರುವುದೇ, ಮತ್ತೆ ಹೇಳುವುದಿಲ್ಲ. ಒಂದು ಮಾತು ಮಾತ್ರ. ನಮ್ಮ ಹಿರಿಯರು ಕಟ್ಟಡಕ್ಕೆ ಹಾಕಿಸಿದ್ದು ಇಲ್ಲೇ ಹತ್ತಿರದ ಚುನಾರ್ ಊರಿನ ಕಲ್ಲು. ಅಶೋಕ ತನ್ನ ಕಂಬಗಳಿಗೆ ತರಿಸಿದ್ದೂ ಅದೇ ಚುನಾರ್ ಕಲ್ಲೇ. ಗೋಡೆ, ಕಂಬ ಈಗಲೂ ಗಟ್ಟಿ. ಕೆಟ್ಟಿರುವುದು ತಾರಸಿ, ಎರಡು ಮರದ ತೊಲೆ, ಮಹಡಿಯ ವೈರಿಂಗ್. ನಾಲ್ಕು ತಲೆಮಾರಿನಿಂದ ಒಂದು ದಿನವೂ ಇಲ್ಲಿ ಒಲೆ ಆರಿಲ್ಲ. ಆ ಮಳೆಯ ಮಾರನೇ ದಿನವೂ ಆರಲಿಲ್ಲ. ಹತ್ತೂವರೆಗೆ ಬರಬೇಕಾದ ತಿಳಿಸಾರು ಹನ್ನೆರಡಕ್ಕೆ ಬಂತು, ಅಷ್ಟೇ. ಎರಡು ರಾತ್ರಿ ರೈಲಲ್ಲಿ ಕೂತು, ಪೂರಿ-ಪಲ್ಯ ತಿಂದು ಬಾಯಿ ಕೆಟ್ಟವರಿಗೆ ಅನ್ನದ ಮೇಲೆ ಬಿಸಿ ಸಾರು ಬಿದ್ದಾಗ ಮುಖ ಹೇಗಾಗುತ್ತದೆ ಅಂತ ನೀವೇ ನೋಡಿದ್ದೀರಿ. ವಿಶ್ವನಾಥನ ದರ್ಶನಕ್ಕಿಂತ ಮೊದಲು ಅದೇ ದರ್ಶನ ಅಂತ ನಮ್ಮ ಭಟ್ಟರು ತಮಾಷೆ ಮಾಡುತ್ತಾರೆ.

ಬರುವವರ ಸಂಖ್ಯೆಯೂ ಮೊದಲಿನಂತಿಲ್ಲ. 2021ರ ಡಿಸೆಂಬರ್‌ನಲ್ಲಿ ವಿಶ್ವನಾಥನ ಗುಡಿಯ ಸುತ್ತ ಹೊಸದಾಗಿ ಕಟ್ಟಿದ ವಿಶ್ವನಾಥ ಧಾಮ ಶುರುವಾದ ಮೇಲೆ ಜನ ಜಾಸ್ತಿ ಆದರು. 2022ರಲ್ಲಿ ಕರ್ನಾಟಕ ಸರ್ಕಾರ ಕಾಶಿ ಯಾತ್ರೆಗೆ ತಲೆಗೆ 5,000 ರೂಪಾಯಿ ಸಹಾಯಧನ ಕೊಡಲು ಶುರು ಮಾಡಿತು, ಬೆಂಗಳೂರಿನಿಂದ ಕಾಶಿ ದರ್ಶನದ ರೈಲೂ ಹೊರಟಿತು. ಒಳ್ಳೆಯದೇ ಆಯ್ತು. ಆದರೆ ಆ ಹಣ ಕೈಗೆ ಬರುವುದು ಊರಿಗೆ ಹೋದ ಮೇಲೆ. ಇಲ್ಲಿ ಇಳಿಯುವಾಗ ಸೊಂಟದ ಚೀಲದಲ್ಲಿ ಇರುವುದು ವರ್ಷಗಟ್ಟಲೆ ಕೂಡಿಟ್ಟ ಪುಡಿಗಾಸು. ಹೊರಗೆ ಹಬ್ಬದ ದಿನಗಳಲ್ಲಿ ರೂಮಿನ ಬಾಡಿಗೆ ಕೇಳಿ ವಾಪಸ್ ಬಂದವರನ್ನು ನಾವು ಇಲ್ಲ ಅಂದದ್ದಿಲ್ಲ. ಈಗ ಅನ್ನಬೇಕಾಗಿದೆ. ಮಹಡಿ ಮುಚ್ಚಿದ್ದೇವೆ. ಕೆಳಗೆ ಮೂವತ್ತು ಜನಕ್ಕೆ ಜಾಗ. ಪಿತೃಪಕ್ಷಕ್ಕೆ ಪಿಶಾಚಮೋಚನ ಕುಂಡದಲ್ಲಿ ಶ್ರಾದ್ಧದ ಕೆಲಸ ಮುಗಿಸಿ, ಗಯೆಗೆ ಹೋಗುವವರು ಬರುತ್ತಾರೆ. ಹೇಗೋ ಸುಧಾರಿಸುತ್ತೇವೆ. ಸುಧಾರಿಸಲು ಆಗದೇ ಇರುವುದು ಕಾರ್ತಿಕ.

ಇಲ್ಲಿಯ ಕಾರ್ತಿಕದ ಲೆಕ್ಕ ನಮ್ಮದಲ್ಲ. ನಮಗೆ ದೀಪಾವಳಿ ಪಾಡ್ಯಕ್ಕೆ ಕಾರ್ತಿಕ ಹುಟ್ಟುತ್ತದೆ. ಇಲ್ಲಿ ಶರತ್ ಹುಣ್ಣಿಮೆಯ ಮಾರನೇ ದಿನವೇ ಶುರು, ಕಾರ್ತಿಕ ಹುಣ್ಣಿಮೆಗೆ ಮುಗಿದೇ ಹೋಯ್ತು. ಹೊಸಬರು ಅಮಾವಾಸ್ಯೆವರೆಗೂ ದೀಪ ಇರುತ್ತೆ ಅಂತ ಬಂದು ಪೇಚಾಡುತ್ತಾರೆ. ಆ ಒಂದು ತಿಂಗಳು ಘಾಟ್‌ಗಳಲ್ಲಿ ಎತ್ತರದ ಬಿದಿರು ನೆಟ್ಟು, ಬಿದಿರಿನ ಬುಟ್ಟಿಯೊಳಗೆ ದೀಪ ಇಟ್ಟು, ಹಗ್ಗದಲ್ಲಿ ಮೇಲಕ್ಕೆ ಎಳೆಯುತ್ತಾರೆ. ಆಕಾಶದೀಪ. ಪಿತೃಗಳಿಗೆ ದಾರಿ ಕಾಣಲಿ ಅಂತ. ನಮ್ಮ ತಾರಸಿಯ ಮೇಲೂ ಒಂದು ಬಿದಿರು ಇದೆ, ಗೊತ್ತಲ್ಲ. ಸಂಜೆ ಹಗ್ಗ ಎಳೆಯುವ ಪಾಳಿ ಯಾತ್ರಿಕರದೇ. ತಮ್ಮ ತಂದೆಯ ಹೆಸರು ಹೇಳಿ ಹಗ್ಗ ಎಳೆದವರು ಈ ಪತ್ರ ಓದುವವರಲ್ಲೇ ನೂರಾರು ಮಂದಿ ಇದ್ದೀರಿ.

ಆ ತಿಂಗಳ ನಡುವೆಯೇ, ಧನತ್ರಯೋದಶಿಯಿಂದ ನಾಲ್ಕೈದು ದಿನ ಮಾತ್ರ, ಚಿನ್ನದ ಅನ್ನಪೂರ್ಣೆಯ ದರ್ಶನ. ವರ್ಷಕ್ಕೆ ಒಮ್ಮೆ. ಸಾಲಿನಲ್ಲಿ ನಿಂತವರಿಗೆ ಒಂದು ನಾಣ್ಯ, ಒಂದಿಷ್ಟು ಅರಳು ಪ್ರಸಾದ. ಆ ನಾಣ್ಯವನ್ನು ಖರ್ಚು ಮಾಡುವಂತಿಲ್ಲ, ಅಕ್ಕಿ ಡಬ್ಬದಲ್ಲಿ ಇಡಬೇಕು. ಎರಡು ವಾರ ಕಳೆದರೆ ಹುಣ್ಣಿಮೆ. ದೇವ ದೀಪಾವಳಿ. ತ್ರಿಪುರಾಸುರನನ್ನು ಶಿವ ಕೊಂದ ದಿನ, ದೇವತೆಗಳೇ ಇಳಿದು ಬಂದು ದೀಪ ಹಚ್ಚುವ ದಿನ. ಪಂಚಗಂಗಾ ಘಾಟ್‌ನಲ್ಲಿ ಮಾಳ್ವದ ರಾಣಿ ಅಹಲ್ಯಾಬಾಯಿ ಹೋಳ್ಕರ್ ಕಟ್ಟಿಸಿದರು ಅನ್ನುವ ಕಲ್ಲಿನ ದೀಪಸ್ತಂಭ ಮೊದಲು ಬೆಳಗುತ್ತದೆ. ಈಗಿನ ವಿಶ್ವನಾಥನ ಗುಡಿ ಕಟ್ಟಿಸಿದ್ದೂ ಆಕೆಯೇ, 1780ರಲ್ಲಿ. ಆಮೇಲೆ ಎಂಬತ್ನಾಲ್ಕು ಘಾಟ್‌ಗಳ ಮೆಟ್ಟಿಲೂ ಹೊತ್ತಿಕೊಂಡ ಹಾಗೆ. ಪ್ರವಾಹದ ಕೆಸರನ್ನು ಪಂಪ್ ಹಾಕಿ ತೊಳೆದ ಮೆಟ್ಟಿಲುಗಳೇ ಅವು, ತಿಂಗಳ ಹಿಂದೆ ಮೊಣಕಾಲುದ್ದ ಹೂಳು ಇತ್ತು ಅಂದರೆ ನಂಬಲಾಗದು. ನಮ್ಮ ತಾರಸಿಯಿಂದ ಪೂರಾ ಎರಡು ಘಾಟ್ ಕಾಣುತ್ತವೆ. ದೋಣಿಗೆ ಆ ರಾತ್ರಿ ಕೇಳಿದಷ್ಟು ಕೊಡಲಾಗದವರು, ಮಂಡಿನೋವಿನವರು, ನೂಕುನುಗ್ಗಲಿಗೆ ಹೆದರುವವರು, ಎಲ್ಲಾ ನಮ್ಮ ತಾರಸಿಯ ಮೇಲೆ ಜಮಖಾನ ಹಾಸಿ ಕೂರುತ್ತಾರೆ. ಈಗ ಆ ತಾರಸಿಯ ಮೇಲೆ ಹತ್ತು ಜನ ನಿಲ್ಲಬಾರದು ಅಂತ ಇಂಜಿನಿಯರು ಹೇಳಿದ್ದಾರೆ.

ಅದೇ ಹುಣ್ಣಿಮೆಗೆ ಸಾರನಾಥದಲ್ಲೂ ಹಬ್ಬ. ಇದನ್ನು ನಮ್ಮ ಹಳೇ ದಾನಿಗಳಲ್ಲಿ ಕೆಲವರು ಗಮನಿಸಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇಲ್ಲಿಂದ ಹತ್ತು ಕಿಲೋಮೀಟರ್. ಬುದ್ಧ ಮೊದಲ ಉಪದೇಶ ಕೊಟ್ಟ ಜಾಗ. ಅಲ್ಲಿಯ ಮೂಲಗಂಧಕುಟಿ ವಿಹಾರವನ್ನು ಶ್ರೀಲಂಕಾದ ಬೌದ್ಧ ಸುಧಾರಕ ಅನಗಾರಿಕ ಧರ್ಮಪಾಲರು ಕಟ್ಟಿಸಿದರು, 1931ರ ನವೆಂಬರ್‌ನಲ್ಲಿ ಬಾಗಿಲು ತೆರೆಯಿತು. ಕಾರ್ತಿಕ ಹುಣ್ಣಿಮೆಗೆ ಬುದ್ಧನ ಅಸ್ಥಿಧಾತುವನ್ನು ಹೊರಗೆ ತಂದು ದರ್ಶನಕ್ಕೆ ಇಡುತ್ತಾರೆ. ಶ್ರೀಲಂಕಾದಿಂದ, ಜಪಾನಿನಿಂದ ಬಂದವರ ಸಾಲಿನಲ್ಲಿ ಕಲಬುರಗಿ, ಬೀದರ್‌ನ ನಮ್ಮವರೂ ನಿಲ್ಲುತ್ತಾರೆ. ಬಿಳಿ ಸೀರೆ ಉಟ್ಟ ತಾಯಂದಿರು, ಕೈಯಲ್ಲಿ ಬಾಬಾಸಾಹೇಬ್ ಅಂಬೇಡ್ಕರರ ಫೋಟೋ. ಅವರ ಮೊದಲ ತಂಡ ಬಂದಾಗ ನಮ್ಮ ಕಮಿಟಿಯಲ್ಲೇ ಇಬ್ಬರು ಹಿರಿಯರು ಗೊಣಗಿದ್ದರು, ಮುಚ್ಚಿಡುವುದಿಲ್ಲ. ಮೂರನೇ ದಿನ ಅದೇ ತಾಯಂದಿರು ಭಟ್ಟರ ಪಕ್ಕ ಕೂತು ಇನ್ನೂರು ಜೋಳದ ರೊಟ್ಟಿ ತಟ್ಟಿಕೊಟ್ಟರು. ಗೊಣಗಿದವರಲ್ಲಿ ಒಬ್ಬರು ನಾಲ್ಕು ತಿಂದರು. ಅವತ್ತಿನಿಂದ ಆಷಾಢ ಹುಣ್ಣಿಮೆಗೂ ಕಾರ್ತಿಕಕ್ಕೂ ಅವರಿಗೆ ಮಹಡಿ ಹಜಾರ ಮೀಸಲು. ಬುದ್ಧನ ಮೊದಲ ಉಪದೇಶದ ಆಷಾಢ ಹುಣ್ಣಿಮೆಯೇ ನಮ್ಮ ಗುರುಪೂರ್ಣಿಮೆ ತಾನೇ.

ಒಂದು ವರ್ಷ ರಾಯಚೂರು ಜಿಲ್ಲೆಯ ಮಸ್ಕಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಬಂದಿದ್ದರು. ಸಾರನಾಥದ ಮ್ಯೂಸಿಯಂ ಶುಕ್ರವಾರ ರಜೆ ಅಂತ ಗೊತ್ತಿಲ್ಲದೆ ಹೋಗಿ, ವಾಪಸ್ ಬಂದು, ಶನಿವಾರ ಮತ್ತೆ ಹೋದರು. ಅಶೋಕನ ಕಂಬದ ಮೇಲಿದ್ದ ನಾಲ್ಕು ಸಿಂಹಗಳ ಮುಂದೆ ಒಂದು ಗಂಟೆ ನಿಂತಿದ್ದರಂತೆ. ಅದು ಸಿಕ್ಕಿದ್ದು 1905ರಲ್ಲಿ, ಮಸ್ಕಿಯಲ್ಲಿ ಅಶೋಕನ ಶಾಸನ ಸಿಕ್ಕಿದ್ದು 1915ರಲ್ಲಿ. "ಸಿಂಹ ಇಲ್ಲಿ ಸಿಕ್ಕಿತು, ಅಶೋಕ ಅನ್ನೋ ಹೆಸರು ನಮ್ಮೂರ ಬಂಡೆ ಮೇಲೆ ಸಿಕ್ಕಿತು" ಅಂತ ರಾತ್ರಿ ಊಟಕ್ಕೆ ಕೂತವರಿಗೆಲ್ಲ ಪಾಠ ಮಾಡಿದರು. ನೀವು ಬೆಂಗಳೂರಿಂದ ಬರುವ ರೈಲಿನ ಹೆಸರೂ ಸಂಘಮಿತ್ರಾ, ಅಶೋಕನ ಮಗಳದ್ದು, ಬೋಧಿವೃಕ್ಷದ ಕೊಂಬೆಯನ್ನು ಲಂಕೆಗೆ ಒಯ್ದವಳದ್ದು, ಅಲ್ಲಿಯ ಅನುರಾಧಪುರದ ಮರದ ಸಸಿಯೇ ಈಗ ಸಾರನಾಥದಲ್ಲಿ ನಿಂತಿರೋದು ಅಂತಲೂ ಹೇಳಿದರು. ಸಾರು ಆರಿಹೋಯ್ತು. ಯಾರೂ ಏಳಲಿಲ್ಲ. ಇಂಥವು ಲಾಡ್ಜ್‌ನಲ್ಲಿ ನಡೆಯುವುದಿಲ್ಲ ನೋಡಿ.

ವಿಷಯಕ್ಕೆ ಬರುತ್ತೇನೆ, ಎಲ್ಲೆಲ್ಲೋ ಹೋದೆ.

ಈ ಸಲ ಸುಣ್ಣದ ಕೆಲಸ ಬಲ್ಲ ಇಲ್ಲಿಯ ಹಳೇ ಮೇಸ್ತ್ರಿಗೇ ಒಪ್ಪಿಸುತ್ತಿದ್ದೇವೆ. ಸಿಮೆಂಟ್ ಪೂರಾ ಕಿತ್ತು, ಸುಣ್ಣ ಮತ್ತು ಇಟ್ಟಿಗೆ ಪುಡಿಯ ಗಾರೆ ಹಾಕಿ, ಹಲಗೆಯಲ್ಲಿ ಬಡಿದು ಬಡಿದು ಕೂರಿಸಬೇಕು. ದಿನವೂ ನೀರು ಉಣಿಸಬೇಕು. ಅವಸರ ಮಾಡಿದರೆ ಮತ್ತೆ ಬಿರುಕು. ಮಳೆ ನಿಲ್ಲದೆ ಶುರು ಮಾಡುವಂತಿಲ್ಲ. ವಿಜಯದಶಮಿಗೆ ಪೂಜೆ ಮಾಡಿ ಕೈ ಹಾಕಿದರೆ ಕಾರ್ತಿಕ ಹುಣ್ಣಿಮೆಗೆ ಮೂವತ್ತೈದು ದಿನ. ಒಂದು ದಿನವೂ ಜಾಸ್ತಿ ಇಲ್ಲ. ನಮ್ಮ ಗಲ್ಲಿಗೆ ಲಾರಿ ಬಿಡಿ, ಆಟೋ ಕೂಡ ಬರುವುದಿಲ್ಲ. ಮರಳು, ಸುಣ್ಣ, ಇಟ್ಟಿಗೆ ಎಲ್ಲಾ ತಲೆಹೊರೆಯಲ್ಲೇ ಬರಬೇಕು, ಕಿತ್ತ ಕಸವೂ ಹಾಗೇ ಹೋಗಬೇಕು. ಸಾಮಾನಿಗಿಂತ ಕೂಲಿ ಹೆಚ್ಚು ಅನ್ನಿಸುವುದು ಅದಕ್ಕೇ.

ತಾರಸಿಗೆ ಹದಿನಾಲ್ಕು ಹದಿನೈದು ಲಕ್ಷ. ತೊಲೆಗಳಿಗೆ ನಾಲ್ಕು. ವೈರಿಂಗ್, ಉಗ್ರಾಣ, ಹೊಸ ಹಾಸಿಗೆ, ಕೋತಿ ಬರದ ಹಾಗೆ ನೀರಿನ ಟ್ಯಾಂಕಿಗೆ ಜಾಲರಿ, ಇವೆಲ್ಲ ಸೇರಿ ಇನ್ನೊಂದು ನಾಲ್ಕೈದು. ಒಟ್ಟು ಇಪ್ಪತ್ತೆರಡರಿಂದ ಇಪ್ಪತ್ತನಾಲ್ಕು ಲಕ್ಷ ಅಂತ ಅಂದಾಜು. ಕೈಯಲ್ಲಿ ಏಳು ಲಕ್ಷ ಇದೆ. ಅನ್ನದಾನದ ಠೇವಣಿಯನ್ನು ಮುಟ್ಟುವುದಿಲ್ಲ. ಅದು ನಿಮ್ಮ ಅಪ್ಪ ಅಮ್ಮನ ತಿಥಿಗೆಂದು ಇಟ್ಟ ದುಡ್ಡು. ಅದರ ಬಡ್ಡಿಯಲ್ಲಿ ಆ ದಿನ ಪಾಯಸ ಆಗಲೇಬೇಕು. ನವರಾತ್ರಿ ಶುರುವಾಗುವ ಮೊದಲು ಮೇಸ್ತ್ರಿಗೆ ಅರ್ಧ ಮುಂಗಡ ಕೊಡಬೇಕು, ಇಲ್ಲದಿದ್ದರೆ ಆತ ಬೇರೆ ಕೆಲಸ ಒಪ್ಪಿಕೊಳ್ಳುತ್ತಾನೆ. ಹಬ್ಬಕ್ಕೆ ಮೊದಲು ಕಾಶಿಯಲ್ಲಿ ಎಲ್ಲರಿಗೂ ರಿಪೇರಿ ಇರುತ್ತದೆ.

ಹಾಗಾಗಿ ಕೇಳುತ್ತಿದ್ದೇವೆ. ಒಂದು ಚದರ ಗಜ ತಾರಸಿಗೆ ಸುಮಾರು ಏಳೆಂಟು ಸಾವಿರ ಬೀಳುತ್ತದೆ. ಒಂದು ಗಜ ಕೊಟ್ಟರೂ ಸರಿ, ನಾಲ್ಕು ಮನೆಯವರು ಸೇರಿ ಒಂದು ಗಜ ಕೊಟ್ಟರೂ ಸರಿ. ಕಲ್ಲಿನ ಮೇಲೆ ಹೆಸರು ಕೆತ್ತಿಸಿ ಅಂತ ಕೇಳಬೇಡಿ, ಗೋಡೆಯಲ್ಲಿ ಜಾಗ ಇಲ್ಲ. ಹೆಸರು, ಗೋತ್ರ, ನಕ್ಷತ್ರ ಬರೆದು ಕಳಿಸಿದರೆ ಹುಣ್ಣಿಮೆಯ ಆಕಾಶದೀಪಕ್ಕೆ ಸಂಕಲ್ಪ ಮಾಡಿಸುತ್ತೇವೆ. ಗೋತ್ರ ಇಲ್ಲದವರು ಹೆಸರಷ್ಟೇ ಬರೆಯಿರಿ, ದೀಪಕ್ಕೆ ಅಷ್ಟು ಸಾಕು. ಹಣವನ್ನು ರಸೀದಿ ಪುಸ್ತಕ ಇರುವ ನಿಮ್ಮ ಊರಿನ ಪ್ರತಿನಿಧಿಯ ಕೈಗೆ ಕೊಡಿ, ಇಲ್ಲವೇ ಹಳೇ ರಸೀದಿಯ ಹಿಂದೆ ಇರುವ ಖಾತೆಗೇ ಹಾಕಿ. ಖಾತೆ ಬದಲಾಗಿಲ್ಲ. ಬದಲಾಗಿದೆ ಅಂತ ಯಾರಾದರೂ ಮೆಸೇಜ್ ಕಳಿಸಿದರೆ ನಂಬಬೇಡಿ. ಆದಾಯ ತೆರಿಗೆ ವಿನಾಯಿತಿಯ 80ಜಿ ರಸೀದಿ ತಿಂಗಳೊಳಗೆ ತಲುಪುತ್ತದೆ.

ಪ್ರತಿ ಕಾರ್ತಿಕಕ್ಕೆ ದೀಪದೆಣ್ಣೆಗೆಂದು ಕಳಿಸುವವರಲ್ಲಿ ಒಂದು ವಿಶೇಷ ಕೋರಿಕೆ. ಈ ವರ್ಷ ದಯವಿಟ್ಟು ಅದನ್ನು ಸುಣ್ಣಕ್ಕೆ ಕೊಡಿ. ಎಣ್ಣೆ ಹೇಗೋ ಹೊಂದಿಸುತ್ತೇವೆ.

ಇಂತು ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಧರ್ಮದರ್ಶಿಗಳ ಪರವಾಗಿ
ಕಾಶಿ

ವಿ.ಸೂ.: ಕಾರ್ತಿಕಕ್ಕೆ ಬರುವವರು ಈ ಸಲ ಹೊದಿಕೆ ತನ್ನಿ. ಛತ್ರದ ಕಂಬಳಿಗಳು ನೆನೆದು ಇನ್ನೂ ವಾಸನೆ ಹೋಗಿಲ್ಲ. ಹುಣಸೆಹಣ್ಣು ತರುವವರು ಎಂದಿನಂತೆ ತನ್ನಿ, ಮೂಟೆಗಳ ಜೊತೆ ಅದೂ ಹಾಳಾಯ್ತು.