ಬೆಲೆಯ ಪಕ್ಕದಲ್ಲಿ ರಿಕವರಿಯನ್ನೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ನಾನು ಮೂಡಲಗಿ ತಾಲ್ಲೂಕಿನ ಕಬ್ಬು ಬೆಳೆಗಾರ. ನಾಲ್ಕು ಎಕರೆ ಹೊಲ, ಘಟಪ್ರಭಾ ಕಾಲುವೆ ನೀರು, ಜೊತೆಗೆ ಒಂದು ಬೋರು. ಕಾಲುವೆಗೆ ನೀರು ಬಾರದ ತಿಂಗಳು ಬೋರು, ಬೋರು ಕೈಕೊಟ್ಟ ತಿಂಗಳು ದೇವರು. ಕಾರ್ಖಾನೆಯ ತೂಕದ ಚೀಟಿಗಳನ್ನು ಇಡಲು ಒಂದು ಹಳೆಯ ಫೈಲಿದೆ. ಅದರಲ್ಲೇ ಪೇಪರ್ ಕಟಿಂಗ್‌ಗಳನ್ನೂ ಇಡುತ್ತೇನೆ. ಈ ಪತ್ರ ಬರೆಯಲು ಕಾರಣ ಅಂಥ ಒಂದು ಕಟಿಂಗ್.

2018ರದು. ಕಬ್ಬಿನ ಎಫ್‌ಆರ್‌ಪಿ, ಅಂದರೆ ಕನಿಷ್ಠ ದರ, ಕ್ವಿಂಟಲ್‌ಗೆ 20 ರೂಪಾಯಿ ಏರಿತು ಎಂಬ ಸುದ್ದಿ. 255 ಇದ್ದದ್ದು 275 ಆಯಿತು. ಅಂದರೆ ಟನ್ನಿಗೆ 200 ರೂಪಾಯಿ. ಆ ದಿನ ಊರಿನ ಚಹಾ ಅಂಗಡಿಯಲ್ಲಿ ನಾನೇ ನಾಲ್ಕು ಜನರಿಗೆ ಚಹಾ ಕುಡಿಸಿದ್ದೆ. ಆ ಚಹಾದ ದುಡ್ಡು ದಂಡ ಅಂತ ಗೊತ್ತಾದದ್ದು ಏಳು ವರ್ಷ ಆದಮೇಲೆ, ನಮ್ಮ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ.

2025ರ ನವೆಂಬರ್‌ನಲ್ಲಿ ಅಲ್ಲಿ ಏನಾಯಿತು ಎಂದು ನಿಮ್ಮ ಓದುಗರಿಗೆ ಗೊತ್ತು. ಕಟಾವು ಮತ್ತು ಸಾಗಾಟದ ಖರ್ಚು ಬಿಟ್ಟು ಟನ್ನಿಗೆ 3,500 ರೂಪಾಯಿ ಕೊಡಿ ಎಂದು ಸಾವಿರಾರು ರೈತರು ರಸ್ತೆಯಲ್ಲೇ ಕೂತಿದ್ದೆವು. ಅಲ್ಲೇ ಊಟ, ಅಲ್ಲೇ ನಿದ್ದೆ. ರೊಟ್ಟಿ ಬುತ್ತಿ ಹಳ್ಳಿ ಹಳ್ಳಿಯಿಂದ ಬರುತ್ತಿತ್ತು. ನನ್ನ ಅಣ್ಣನ ಮಗಳು ಧಾರವಾಡದಲ್ಲಿ ಬಿಎಸ್ಸಿ ಅಗ್ರಿ ಓದುತ್ತಾಳೆ. ಊರಿಗೆ ಬಂದಿದ್ದವಳು ನನಗೆ ಬುತ್ತಿ ಕೊಡಲು ಬಂದು ಮಧ್ಯಾಹ್ನವೆಲ್ಲ ಅಲ್ಲೇ ಕೂತಳು. ಮೊಬೈಲಿನಲ್ಲಿ ಹಳೆಯ ಎಫ್‌ಆರ್‌ಪಿ ಪಟ್ಟಿ ತೆಗೆದಿದ್ದಳು. ಸ್ವಲ್ಪ ಹೊತ್ತಾದ ಮೇಲೆ, "ಕಾಕಾ, ಇಲ್ಲಿ ನೋಡ್ರಿ. ಬೆಲಿ ಒಂದ ಏರಿಲ್ಲ, ಗೆರಿನೂ ಮ್ಯಾಲ ಹೋಗೇತಿ" ಅಂದಳು.

ಕಬ್ಬು ಬೆಳೆಯದವರಿಗಾಗಿ ಎರಡು ಮಾತು ಹೇಳುತ್ತೇನೆ. ಎಫ್‌ಆರ್‌ಪಿ ಎಂದರೆ ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ದರ. ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಶಿಫಾರಸು ಮಾಡುತ್ತದೆ, ಕೇಂದ್ರ ಸರ್ಕಾರ ಘೋಷಿಸುತ್ತದೆ. ಆದರೆ ಈ ದರ ಯಾವಾಗಲೂ ಒಂದು ರಿಕವರಿಗೆ ಕಟ್ಟಿದ್ದು. ನೂರು ಕಿಲೋ ಕಬ್ಬು ಅರೆದರೆ ಎಷ್ಟು ಕಿಲೋ ಸಕ್ಕರೆ ಬರುತ್ತದೆ ಎಂಬುದೇ ರಿಕವರಿ. ಮೂಲ ಗೆರೆಗಿಂತ ಜಾಸ್ತಿ ಬಂದರೆ ಪ್ರತಿ 0.1ಕ್ಕೆ ಇಷ್ಟು ಅಂತ ಮೇಲೆ ಕೊಡುತ್ತಾರೆ.

2017-18ರಲ್ಲಿ ಆ ಗೆರೆ ಶೇ 9.5 ಇತ್ತು. ಮೇಲಿನ ಪ್ರತಿ 0.1ಕ್ಕೆ ಕ್ವಿಂಟಲ್‌ಗೆ 2 ರೂಪಾಯಿ 68 ಪೈಸೆ. ಅಂದರೆ ಶೇ 10 ರಿಕವರಿ ಬಂದ ಕಬ್ಬಿಗೆ ಆ ವರ್ಷವೇ ಟನ್ನಿಗೆ 2,684 ರೂಪಾಯಿ ಆಗುತ್ತಿತ್ತು. ಮರುವರ್ಷ 2,750 ಅಂದರು. ಆದರೆ ಗೆರೆಯನ್ನು ಶೇ 10ಕ್ಕೆ ಎತ್ತಿದ್ದರು. ಅದೇ ಕಬ್ಬು, ಅದೇ ರಿಕವರಿ. ನಿಜವಾಗಿ ಏರಿದ್ದು 66 ರೂಪಾಯಿ. ಪೇಪರಿನಲ್ಲಿ ಬಂದದ್ದು 200.

2022-23ರಲ್ಲೂ ಹೀಗೇ. 290 ಇದ್ದದ್ದು 305 ಆಯಿತು, ಟನ್ನಿಗೆ 150 ಏರಿಕೆ ಅಂದರು. ಗೆರೆ ಶೇ 10ರಿಂದ 10.25ಕ್ಕೆ ಹೋಗಿತ್ತು. ಹಳೆಯ ಲೆಕ್ಕದಲ್ಲೇ ಶೇ 10.25ರ ಕಬ್ಬಿಗೆ 2,972 ರೂಪಾಯಿ 50 ಪೈಸೆ ಸಿಗುತ್ತಿತ್ತು. ಹೊಸದು 3,050. ಏರಿದ್ದು 77 ರೂಪಾಯಿ 50 ಪೈಸೆ. ಎರಡೂ ಸಲ ಸೇರಿ 350 ರೂಪಾಯಿ ಕೊಟ್ಟೆವು ಎಂದು ಡಂಗುರ ಹೊಡೆದರು. ಹಳೆಯ ಗೆರೆಯಲ್ಲಿ ಲೆಕ್ಕ ಹಾಕಿದರೆ 143 ರೂಪಾಯಿ ಚಿಲ್ಲರೆ.

ಇದಕ್ಕೆ ಒಂದು ವಾದವಿದೆ. ದೇಶದಲ್ಲಿ ಸರಾಸರಿ ರಿಕವರಿ ಏರಿದೆ, ಹಾಗಾಗಿ ಗೆರೆಯೂ ಏರಬೇಕು ಅನ್ನುತ್ತಾರೆ. ಸರಿ, ಏರಿದ್ದು ಯಾಕೆ? ಉತ್ತರ ಪ್ರದೇಶದಲ್ಲಿ ಸಿಒ 0238 ಎಂಬ ತಳಿ ಬಂತು. ಅದನ್ನು ಬೆಳೆಸಿ ಕೊಟ್ಟದ್ದು ಕರ್ನಾಲ್‌ನ ಸರ್ಕಾರಿ ಸಂಶೋಧನಾ ಕೇಂದ್ರ. ಹೊಲದಲ್ಲಿ ಹಾಕಿದ್ದು ರೈತರು. ಒಳ್ಳೆಯ ಕಬ್ಬು ಬೆಳೆದದ್ದಕ್ಕೆ ಬರಬೇಕಾದ ಮೇಲಿನ ದುಡ್ಡು, ಗೆರೆ ಎತ್ತಿದ ಕೂಡಲೇ ಮಾಮೂಲು ದುಡ್ಡಾಯಿತು. ಶಾಲೆಯಲ್ಲಿ ಹುಡುಗರು ಜಾಸ್ತಿ ಅಂಕ ತೆಗೆದರೆಂದು ಪಾಸಾಗುವ ಅಂಕವನ್ನೇ ಏರಿಸಿದ ಹಾಗಾಯಿತು, ಅಲ್ವಾ?

ಲಾಬಿ ಅಂದರೆ ಸೂಟ್‌ಕೇಸು, ಕತ್ತಲು, ಗೆಸ್ಟ್ ಹೌಸು ಅಂತ ನಾವು ಅಂದುಕೊಂಡಿದ್ದೇವೆ. ಅದೂ ಇದ್ದೀತು. ಆದರೆ ಹಗಲಿನಲ್ಲೇ, ಟೈಪ್ ಮಾಡಿದ ಹಾಳೆಯ ಮೇಲೆ, ದಶಾಂಶ ಚುಕ್ಕೆಯ ಆಚೀಚೆ ನಡೆಯುವ ಕೆಲಸ ಇನ್ನೂ ದೊಡ್ಡದು. ಆಯೋಗ ದರ ಹೇಳುವ ಮೊದಲು ರಾಜ್ಯ ಸರ್ಕಾರಗಳನ್ನು, ಕಾರ್ಖಾನೆ ಸಂಘಗಳನ್ನು, ರೈತ ಸಂಘಟನೆಗಳನ್ನು ಅಭಿಪ್ರಾಯ ಕೇಳುತ್ತದೆ. ಕೇಳುವುದೇನೋ ಎಲ್ಲರನ್ನೂ. ಆದರೆ ಉತ್ತರ ಕೊಡುವ ಶಕ್ತಿ ಎಲ್ಲರಿಗೂ ಒಂದೇ ಇದೆಯಾ?

ಇಸ್ಮಾ ಎನ್ನುವ ಸಕ್ಕರೆ ಕಾರ್ಖಾನೆಗಳ ಸಂಘ 1932ರಲ್ಲೇ ಶುರುವಾದದ್ದು. ಸ್ವಾತಂತ್ರ್ಯಕ್ಕಿಂತ 15 ವರ್ಷ ಹಿರಿಯದು. ದಿಲ್ಲಿಯಲ್ಲಿ ಕಚೇರಿ ಇದೆ, ಲೆಕ್ಕ ಬಲ್ಲ ಜನ ಇದ್ದಾರೆ. ಸಹಕಾರಿ ಕಾರ್ಖಾನೆಗಳಿಗೆ ಬೇರೆ ರಾಷ್ಟ್ರೀಯ ಮಹಾಮಂಡಳವಿದೆ. ದೇಶದಲ್ಲಿ ಎಷ್ಟು ಎಕರೆ ಕಬ್ಬಿದೆ ಎಂದು ಇಸ್ಮಾ ಉಪಗ್ರಹದ ಫೋಟೊ ತರಿಸಿ ಅಂದಾಜು ಮಾಡುತ್ತದೆ. ಈ ವರ್ಷ ಸಕ್ಕರೆ ಇಷ್ಟು ಆಗುತ್ತದೆ ಎಂದು ಅವರು ಹೇಳಿದ ಅಂಕಿಯೇ ಪೇಪರಿನಲ್ಲೂ ಟಿವಿಯಲ್ಲೂ ಬರುತ್ತದೆ. ರಫ್ತು ಬಿಡಬೇಕೋ ಬೇಡವೋ ಎಂಬ ಮಾತು ಅಲ್ಲಿಂದ ಶುರುವಾಗುತ್ತದೆ. ನನ್ನ ಹೊಲದ ಫೋಟೊ ಆಕಾಶದಿಂದ ತೆಗೆಸಿ ಅವರು ಮಂತ್ರಿಗಳ ಮುಂದೆ ಇಡಬಲ್ಲರು. ನನ್ನ ಬಳಿ ಇರುವುದು ಫೈಲಿನ ಚೀಟಿ. ಅದರಲ್ಲೂ ಅರ್ಧದ ಶಾಯಿ ಅಳಿಸಿಹೋಗಿದೆ.

ಸಂಘ ಕಟ್ಟಿಕೊಂಡು ಸರ್ಕಾರಕ್ಕೆ ಮನವಿ ಕೊಡುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಅಡಿಕೆ ಬೆಳೆಗಾರರು ಮಾಡಲಿಲ್ಲವೇ? ಅವರಿಗೆ ಕ್ಯಾಂಪ್ಕೊ ಇದೆ, ಬೇರೆ ಸಹಕಾರ ಸಂಘಗಳಿವೆ. ಹೊರಗಿನ ಅಡಿಕೆಯ ಕನಿಷ್ಠ ಆಮದು ಬೆಲೆ ಏರಿಸಿ ಎಂದು ಬೆನ್ನು ಹತ್ತಿದರು. 2023ರಲ್ಲಿ ಕಿಲೋಗೆ 251 ಇದ್ದದ್ದು 351 ಆಯಿತು. ಬೆಳೆಗಾರರದ್ದೇ ಸಂಸ್ಥೆ ಇದ್ದರೆ ಬೆಳೆಗಾರನ ಮಾತು ಹೋಗುತ್ತದೆ. ಕಬ್ಬಿನಲ್ಲಿ ಸಂಸ್ಥೆ ಎಂದರೆ ಕಾರ್ಖಾನೆ. ಸಹಕಾರಿ ಕಾರ್ಖಾನೆಯಲ್ಲಿ ನಾವು ಷೇರುದಾರರು ನಿಜ. ಷೇರು ಸರ್ಟಿಫಿಕೇಟ್ ಅಟ್ಟದ ಮೇಲೆ ಇದೆ.

ಕಾರ್ಖಾನೆಯವರ ಮಾತಿನಲ್ಲೂ ಹುರುಳಿಲ್ಲದೆ ಇಲ್ಲ. 2018ರ ಜೂನ್‌ನಲ್ಲಿ ಸಕ್ಕರೆಗೆ ಕನಿಷ್ಠ ಮಾರಾಟ ಬೆಲೆ ಅಂತ ಕಿಲೋಗೆ 29 ರೂಪಾಯಿ ನಿಗದಿಯಾಯಿತು. 2019ರ ಫೆಬ್ರುವರಿಯಲ್ಲಿ 31 ಆಯಿತು. 2025-26ರ ಹಂಗಾಮು ಶುರುವಾದಾಗಲೂ 31ರಲ್ಲೇ ನಿಂತಿತ್ತು. ಅಷ್ಟರಲ್ಲಿ ಎಫ್‌ಆರ್‌ಪಿ 275ರಿಂದ 355ಕ್ಕೆ ಹೋಗಿತ್ತು. ಹಾಗಾಗಿ ಸಕ್ಕರೆಗೆ 40 ರೂಪಾಯಿ ಆಸುಪಾಸು ಮಾಡಿ ಎಂದು ಅವರು ಕೇಳುತ್ತಾರೆ. ಕೇಳಲಿ. ನನ್ನ ತಕರಾರು ಬೇರೆ. 2018ರಲ್ಲಿ ಆ 29 ರೂಪಾಯಿ ಬಂದದ್ದೇ ರೈತರ ಬಾಕಿ ತೀರಿಸಬೇಕು ಎಂಬ ಹೆಸರಿನಲ್ಲಿ. ನಮ್ಮ ಬಾಕಿ ಬೆಳೆದಷ್ಟೂ ಅವರ ಮನವಿಗೆ ತೂಕ ಬರುತ್ತದೆ. ರೋಗಿಯನ್ನು ತೋರಿಸಿ ಡಾಕ್ಟರು ತಮಗೆ ಔಷಧಿ ಬರೆಸಿಕೊಂಡ ಹಾಗೆ!

ಬಾಕಿಯ ವಿಷಯಕ್ಕೇ ಬರುತ್ತೇನೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಬರಬೇಕು. ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ. ಕೆಲವು ವರ್ಷದ ಹಿಂದೆ ಒಂದು ಕಾರ್ಖಾನೆಯಿಂದ ನನಗೆ ಹಣ ಬಂದದ್ದು ನಾಲ್ಕು ತಿಂಗಳಿಗೆ. ಆ ನಾಲ್ಕು ತಿಂಗಳಿನಲ್ಲಿ ಸೊಸೈಟಿ ಸಾಲದ ಕಂತು ತಪ್ಪಿತು, ಗೊಬ್ಬರ ಉದ್ರಿ ತಂದೆ. ಬಡ್ಡಿ ಕೇಳಿದ್ದಕ್ಕೆ ಅಲ್ಲಿಯ ಕ್ಲಾರ್ಕು, "ಅಜ್ಜಾರ, ಅಸಲ ಬಂತಲ್ಲ, ಸುಮ್ನ ಹೋಗ್ರಿ" ಅಂದ. ನನಗೆ ಆಗ 54. ಅಜ್ಜ ಅಂದದ್ದಕ್ಕೆ ಬೇರೆ ಸಿಟ್ಟು ಬಂತು.

ಇದರ ಎದುರಿಗೆ ಇನ್ನೊಂದು ಗಡಿಯಾರ ನೋಡಿ. 2023ರ ಡಿಸೆಂಬರ್ 7ರಂದು ಕೇಂದ್ರ ಸರ್ಕಾರ ಕಬ್ಬಿನ ರಸದಿಂದ ಪೆಟ್ರೋಲಿಗೆ ಬೆರೆಸುವ ಎಥನಾಲ್ ಮಾಡಬೇಡಿ ಎಂದು ಆದೇಶ ಹೊರಡಿಸಿತು. ಸಕ್ಕರೆ ಕಡಿಮೆಯಾದೀತು ಎಂಬ ಭಯ. ಎಥನಾಲ್ ತೆಗೆಯುವ ಡಿಸ್ಟಿಲರಿಗೆ ಕೋಟಿಗಟ್ಟಲೆ ಹಾಕಿದ ಕಾರ್ಖಾನೆಗಳು ಗದ್ದಲ ಎಬ್ಬಿಸಿದವು. ಗದ್ದಲಕ್ಕೆ ಕಾರಣವೂ ಇತ್ತು ಅನ್ನಿ, ಡಿಸ್ಟಿಲರಿ ಹಾಕಿ ಎಂದು ಹುರಿದುಂಬಿಸಿದ್ದೇ ಸರ್ಕಾರ. ಡಿಸೆಂಬರ್ 15ರ ಹೊತ್ತಿಗೆ ಆದೇಶ ಸಡಿಲವಾಯಿತು, 17 ಲಕ್ಷ ಟನ್ ಸಕ್ಕರೆಯಷ್ಟನ್ನು ಎಥನಾಲ್‌ಗೆ ತಿರುಗಿಸಬಹುದು ಅಂದರು. ಎಂಟು ದಿನ. ನಮ್ಮ ಶೇ 15ರ ಬಡ್ಡಿ 1966ರ ಆದೇಶದಲ್ಲೇ ಕೂತಿದೆ.

ಸಕ್ಕರೆ ಉದ್ಯಮದ ನಿಯಂತ್ರಣಗಳನ್ನು ಪರಿಶೀಲಿಸಲು ಕೇಂದ್ರ ನೇಮಿಸಿದ್ದ ರಂಗರಾಜನ್ ಸಮಿತಿಯದೂ ಅದೇ ಕಥೆ. 2012ರಲ್ಲಿ ವರದಿ ಕೊಟ್ಟಿತು. ರೇಷನ್‌ಗೆಂದು ಕಾರ್ಖಾನೆಗಳು ಸರ್ಕಾರಕ್ಕೆ ಅಗ್ಗದಲ್ಲಿ ಕೊಡಬೇಕಿದ್ದ ಲೆವಿ ಸಕ್ಕರೆ ತೆಗೆಯಿರಿ, ಮಾರಾಟಕ್ಕೆ ತಿಂಗಳ ಕೋಟಾ ಬೇಡ ಎಂದಿತು. ಜೊತೆಗೆ ಸಕ್ಕರೆ ಮತ್ತು ಉಪ ಉತ್ಪನ್ನಗಳ ಆದಾಯದಲ್ಲಿ ಶೇ 70 ರೈತನಿಗೆ ಹೋಗಲಿ ಅಂತಲೂ ಹೇಳಿತು. ಮೊದಲಿನ ಎರಡನ್ನು ಕೇಂದ್ರ 2013ರಲ್ಲೇ ಜಾರಿ ಮಾಡಿತು. ಆದಾಯ ಹಂಚಿಕೆಯನ್ನು ರಾಜ್ಯಗಳಿಗೆ ಬಿಟ್ಟಿತು. ನಮ್ಮ ರಾಜ್ಯ ಅದೇ ವರ್ಷ ಕಾಯ್ದೆ ಮಾಡಿ ಕಬ್ಬು ನಿಯಂತ್ರಣ ಮಂಡಳಿಯನ್ನೂ ರಚಿಸಿತು. ಆದರೂ ನಾವು 2025ರಲ್ಲಿ ರಸ್ತೆಗೆ ಬರಬೇಕಾಯಿತು.

ಗುರ್ಲಾಪುರದ ಗದ್ದಲದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಪ್ರಧಾನಿಗೆ ಪತ್ರ ಬರೆದರು. ಅದರಲ್ಲಿ ಮುಖ್ಯವಾಗಿ ಏನಿತ್ತು? ಸಕ್ಕರೆಯ ಕನಿಷ್ಠ ಬೆಲೆ ಏರಿಸಿ, ಕರ್ನಾಟಕದ ಡಿಸ್ಟಿಲರಿಗಳಿಂದ ಎಥನಾಲ್ ಜಾಸ್ತಿ ಕೊಳ್ಳಿ. ಖರ್ಚು ಕಳೆದ ಕಬ್ಬಿನ ದರ ನಿಗದಿಗೆ ರಾಜ್ಯಕ್ಕೆ ಅಧಿಕಾರ ಕೊಡಿ ಎಂಬುದೂ ಇತ್ತು, ಸುಳ್ಳು ಹೇಳಬಾರದು. ಆದರೆ ಮೊದಲಿನ ಎರಡು ಕಾರ್ಖಾನೆ ಸಂಘಗಳು ವರ್ಷಗಳಿಂದ ಹೊತ್ತು ತಿರುಗುತ್ತಿರುವ ಬೇಡಿಕೆಗಳೇ. ಬಿಸಿಲಿನಲ್ಲಿ ಕೂತವರು ನಾವು. ನಮ್ಮ ಬೆನ್ನ ಮೇಲೆ ಅವರ ಮನವಿಯೂ ಸವಾರಿ ಮಾಡಿ ದಿಲ್ಲಿ ತಲುಪಿತು. ಕೊನೆಗೆ ಶೇ 11.25 ರಿಕವರಿಯ ಕಬ್ಬಿಗೆ 3,300 ಅಂತ ತೀರ್ಮಾನವಾಯಿತು. ಹೊಸದಾಗಿ ಸೇರಿದ 100 ರೂಪಾಯಿಯಲ್ಲಿ 50 ಕಾರ್ಖಾನೆಯದು, 50 ಸರ್ಕಾರದ್ದು. ಸರ್ಕಾರದ್ದು ಅಂದರೆ ನಿಮ್ಮದೂ ನಮ್ಮದೂ. ಇದನ್ನು ಆವತ್ತು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಒಂದು ವಾರ ರಸ್ತೆಯಲ್ಲಿ ಮಲಗಿದವನಿಗೆ ಮನೆಗೆ ಹೋದರೆ ಸಾಕಾಗಿತ್ತು, ಹೊಲದಲ್ಲಿ ಕಬ್ಬು ಸೂಲಂಗಿ, ಅಂದರೆ ಹೂ, ಬಿಡುತ್ತಿತ್ತು.

ಇನ್ನು ನಮ್ಮ ಭಾಗದಲ್ಲಿ ಕಾರ್ಖಾನೆಯೂ ರಾಜಕಾರಣವೂ ಒಂದೇ ಮನೆಯಲ್ಲಿ ಇರುವುದು ಹೊಸದಲ್ಲ. ಪಕ್ಷ ಯಾವುದಾದರೂ ಇರಲಿ. ಬೇರೆ ಉದ್ಯಮದವರು ಮಂತ್ರಿಯ ಭೇಟಿಗೆ ಸಮಯ ಕೇಳಬೇಕು. ಇಲ್ಲಿ ಕೆಲವರು ಕನ್ನಡಿ ನೋಡಿಕೊಂಡರೆ ಸಾಕು.

ಹಾಗಾದರೆ ಏನು ಮಾಡಬೇಕು ಅಂತೀರಾ? ದೊಡ್ಡದೇನೂ ಕೇಳುವುದಿಲ್ಲ. ಕಬ್ಬಿನ ದರದ ಬಗ್ಗೆ ಯಾವ ಸಂಘ ಸರ್ಕಾರಕ್ಕೆ ಏನು ಬರೆದುಕೊಟ್ಟಿದೆ ಎಂಬ ಮನವಿಗಳನ್ನು, ದರ ನಿಗದಿಯಾಗುವ ಮೊದಲೇ, ಕನ್ನಡದಲ್ಲಿ ಹೊರಗೆ ಹಾಕಲಿ. ರೈತ ಸಂಘಗಳದ್ದನ್ನೂ ಹಾಕಲಿ, ನಮ್ಮವರು ಏನು ಬರೆಯುತ್ತಾರೆ ಅಂತ ನಮಗೂ ಗೊತ್ತಾಗಲಿ. ಕಬ್ಬು ನಿಯಂತ್ರಣ ಮಂಡಳಿಯ ಸಭೆಯಲ್ಲಿ ಯಾರು ಏನು ಹೇಳಿದರು ಎಂಬುದನ್ನೂ ಹಾಕಲಿ. ರಿಕವರಿ ಅಳೆಯುವುದು ಕಾರ್ಖಾನೆಯದೇ ಲ್ಯಾಬು. ಬೆಳಗಾವಿಯಲ್ಲೇ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ, ಹೇಳದೆ ಕೇಳದೆ ಹೋಗಿ ಸ್ಯಾಂಪಲ್ ತೆಗೆಯುವ ಕೆಲಸವನ್ನು ಅದಕ್ಕೆ ಒಪ್ಪಿಸಬಹುದು. ಇದಕ್ಕೆ ಕೋಟಿ ಬೇಡ, ಒಂದು ಜೀಪು ಸಾಕು.

ನನ್ನ ಪಾಲಿನದು ನಾನು ಮಾಡಿದ್ದೇನೆ. ಅಣ್ಣನ ಮಗಳು ಬರೆದುಕೊಟ್ಟಳು, ನಾನು ಸಹಿ ಹಾಕಿದೆ. ಆ ಮನವಿಗಳ ಪ್ರತಿ ಕೊಡಿ ಎಂದು 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೇನೆ.

ನಿಮ್ಮಲ್ಲಿ ಕೇಳುವುದು ಒಂದೇ. ಮುಂದಿನ ಸಲ ಎಫ್‌ಆರ್‌ಪಿ ಇಷ್ಟು ಏರಿತು ಎಂದು ದೊಡ್ಡ ಅಕ್ಷರದಲ್ಲಿ ಹಾಕುವಾಗ, ಅದರ ಕೆಳಗೆ ಸಣ್ಣ ಅಕ್ಷರದಲ್ಲಾದರೂ ಮೂಲ ರಿಕವರಿ ಕಳೆದ ವರ್ಷ ಎಷ್ಟಿತ್ತು, ಈ ವರ್ಷ ಎಷ್ಟಾಗಿದೆ ಎಂದು ಬರೆಯಿರಿ. ಅದನ್ನು ನೋಡಿಕೊಂಡು ಚಹಾ ಕುಡಿಸಬೇಕೋ ಬೇಡವೋ ನಾನು ನಿರ್ಧಾರ ಮಾಡುತ್ತೇನೆ.

ಇಂತಿ,
ಒಬ್ಬ ಕಬ್ಬು ಬೆಳೆಗಾರ
ಮೂಡಲಗಿ ತಾಲ್ಲೂಕು, ಬೆಳಗಾವಿ ಜಿಲ್ಲೆ