ಕರೆಂಟ್ ಇರುವ ಹೊತ್ತನ್ನು ಯೂಟ್ಯೂಬ್ ನುಂಗದಿರಲಿ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಕೊಡಗಿನ ಮನೆಗಳಿಂದ ಕಂಪ್ಯೂಟರ್ ಕೆಲಸ ಮಾಡುವವರಿಗೆ ಕರೆಂಟ್ ಇರುವ ಹೊತ್ತೇ ಬಂಡವಾಳ. ಅದು ಯೂಟ್ಯೂಬ್, ಫೇಸ್‌ಬುಕ್ ಪಾಲಾಗದಂತೆ ತಡೆಯಲು ‘ಲೀಚ್‌ಬ್ಲಾಕ್’ ಎಂಬ ಉಚಿತ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಇದೆ. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಮೂರಕ್ಕೂ ಸಿಗುತ್ತದೆ.

ಅದರ ಸೆಟ್ಟಿಂಗ್ಸ್‌ನಲ್ಲಿ ತಡೆಯಬೇಕಾದ ತಾಣಗಳ ವಿಳಾಸವನ್ನು ಸಾಲಿಗೊಂದರಂತೆ ಬರೆದು, ವಾರದ ದಿನಗಳನ್ನು ಗುರುತಿಸಿ, ಸಮಯದ ಜಾಗದಲ್ಲಿ 0900-1300,1400-1700 ಎಂದು ತುಂಬಿದರೆ ಊಟದ ಹೊತ್ತಿಗಷ್ಟೇ ಬಿಡುವು. ಕೆಲಸಕ್ಕೆ ಬೇಕಾದ ಪುಟದ ವಿಳಾಸದ ಆರಂಭದಲ್ಲಿ + ಚಿಹ್ನೆ ಹಾಕಿ ಅದೇ ಪಟ್ಟಿಗೆ ಸೇರಿಸಿದರೆ ವಿನಾಯಿತಿ. ಪೂರ್ತಿ ನಿಷೇಧ ಬಹಳ ದಿನ ಬಾಳುವುದಿಲ್ಲ. ಸಮಯದ ಜಾಗ ಖಾಲಿ ಬಿಟ್ಟು, ಗಂಟೆಗೆ 10 ನಿಮಿಷ ಎಂದು ಮಿತಿ ಕೊಡುವುದೇ ವಾಸಿ.

ಸೋಲುವುದು ಕಳ್ಳದಾರಿಗಳಿಂದ. ತಡೆಯ ಹೊತ್ತಿನಲ್ಲಿ ಸೆಟ್ಟಿಂಗ್ಸ್ ತೆರೆಯದಂತೆ ಮಾಡುವ ಆಯ್ಕೆಗೆ ಟಿಕ್ ಹಾಕಿ. ಇನ್‌ಕಾಗ್ನಿಟೊ (ನೋಡಿದ ತಾಣಗಳ ದಾಖಲೆ ಉಳಿಸದ) ಕಿಟಕಿಯಲ್ಲೂ ಇದು ಕೆಲಸ ಮಾಡಲು ಅನುಮತಿಯನ್ನು ಬೇರೆಯಾಗಿಯೇ ಕೊಡಬೇಕು. ಇನ್ನೊಂದು ಬ್ರೌಸರ್ ಇದ್ದರೆ ಅಲ್ಲಿಯೂ ಹಾಕಬೇಕು. ಆಂಡ್ರಾಯ್ಡ್ ಫೋನಿನ ಕ್ರೋಮ್ ಎಕ್ಸ್‌ಟೆನ್ಷನ್ ಒಪ್ಪದು, ಫೈರ್‌ಫಾಕ್ಸ್ ಒಪ್ಪುತ್ತದೆ. ಆ್ಯಪ್‌ಗಳಿಗಾದರೆ ಫೋನಿನ ‘ಡಿಜಿಟಲ್ ವೆಲ್‌ಬೀಯಿಂಗ್’ ಟೈಮರ್.

ಇಂಥ ಎಕ್ಸ್‌ಟೆನ್ಷನ್‌ಗಳು ನೀವು ತೆರೆಯುವ ಎಲ್ಲ ತಾಣಗಳನ್ನೂ ಓದುವ ಅನುಮತಿ ಕೇಳುತ್ತವೆ. ಆದ್ದರಿಂದ ಬ್ರೌಸರ್‌ನ ಅಧಿಕೃತ ಸ್ಟೋರ್‌ನಿಂದಲೇ ಇಳಿಸಿಕೊಳ್ಳಿ.

– ಓದುಗ, ಮಡಿಕೇರಿ