ನಾಜಲ್‌ನ ಗೋಡೆ ಅಲುಗುತ್ತದೆ, ಲೆಕ್ಕದಲ್ಲೂ ಅಲುಗಲಿ

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ವಿದ್ಯಾರ್ಥಿಗಳು ರಾಕೆಟ್ ನಾಜಲ್‌ನ, ಅಂದರೆ ಎಂಜಿನ್‌ನಿಂದ ಬಿಸಿ ಅನಿಲ ಹೊರನುಗ್ಗುವ ಗಂಟೆಯಾಕಾರದ ಭಾಗದ, ಕಂಪ್ಯೂಟರ್ ಸಿಮ್ಯುಲೇಷನ್ ಮಾಡಿದ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ. ಜೊತೆಗೊಂದು ಬಣ್ಣದ ಚಿತ್ರ: ಒಳಗೆ ಕೆಂಪು, ಬಾಯಿಯ ಹತ್ತಿರ ನೀಲಿ. ನೋಡಲು ಚೆನ್ನ, ಹುಡುಗರ ಶ್ರಮವೂ ದೊಡ್ಡದು. ಆದರೆ ಇಂಥ ಬಹುತೇಕ ಲೆಕ್ಕಗಳು ನಾಜಲ್‌ನ ಗೋಡೆ ಅಲುಗುವುದೇ ಇಲ್ಲ ಎಂದು ಒಪ್ಪಿಕೊಂಡೇ ಶುರುವಾಗುತ್ತವೆ. ನಿಜವಾದ ಎಂಜಿನ್‌ನಲ್ಲಿ ಗೋಡೆ ಬಾಗುತ್ತದೆ, ಬಾಯಿಯ ವೃತ್ತ ಮೊಟ್ಟೆಯಾಕಾರಕ್ಕೆ ಬರುತ್ತದೆ, ಬಿಸಿಗೆ ಮೆತ್ತಗಾಗುತ್ತದೆ. ಲೆಕ್ಕದಿಂದ ಬಿಟ್ಟುಹೋಗುವ ಈ ಭಾಗ ಚಿಕ್ಕದಲ್ಲ ಎಂಬ ಕಾರಣಕ್ಕೇ ಈ ಪತ್ರ.

2002ರ ಡಿಸೆಂಬರ್ 11ರಂದು ಫ್ರೆಂಚ್ ಗಯಾನಾದ ಕುರುವಿನಿಂದ ಏರಿಯಾನ್-5 ಇಸಿಎ ರಾಕೆಟ್ ಮೊದಲ ಬಾರಿಗೆ ಹಾರಿತು. ಅದರ ಮುಖ್ಯ ಎಂಜಿನ್ ಹೊಸದಾದ ವಲ್ಕೇನ್-2. ತೆಳು ಕೊಳವೆಗಳನ್ನು ಸುರುಳಿಯಾಗಿ ಸುತ್ತಿ ಬೆಸೆದದ್ದೇ ಆ ನಾಜಲ್‌ನ ಗೋಡೆ; ಕೊಳವೆಗಳೊಳಗೆ ಹರಿಯುವ ಹೈಡ್ರೋಜನ್ ಅದನ್ನು ತಣ್ಣಗಿಡುತ್ತದೆ. ಹಾರಾಟದ ನಡುವೆ ಕೊಳವೆಗಳು ಸೋರಿದವು, ಗೋಡೆ ಮಿತಿಮೀರಿ ಕಾಯಿತು, ನಾಜಲ್ ಆಕಾರ ಕಳೆದುಕೊಂಡಿತು. ಒತ್ತುಬಲ ಒಂದು ಕಡೆಗೆ ವಾಲಿ ರಾಕೆಟ್ ಹಿಡಿತ ತಪ್ಪಿತು, ಕೊನೆಗೆ ಅದನ್ನು ನಾಶಪಡಿಸಬೇಕಾಯಿತು. ಹಾಟ್ ಬರ್ಡ್-7 ಮತ್ತು ಸ್ಟೆಂಟರ್ ಉಪಗ್ರಹಗಳು ಹೋದವು. ತನಿಖಾ ಮಂಡಳಿ ಎರಡು ಕಾರಣಗಳನ್ನು ಒಟ್ಟಿಗೆ ಹೇಳಿತು: ಕೊಳವೆಗಳ ಬಿರುಕಿನಿಂದ ತಣಿಸುವಿಕೆ ಕೆಟ್ಟದ್ದು ಒಂದು, ಹಾರಾಟದಲ್ಲಿ ಎಂಜಿನ್ ಮೇಲೆ ಬೀಳುವ ಹೊರೆಗಳ ಪಟ್ಟಿ ಪೂರ್ಣವಾಗಿರದೇ ಇದ್ದದ್ದು ಇನ್ನೊಂದು. ಈ ಎರಡನೆಯದನ್ನು ಪ್ರತಿಯೊಬ್ಬ ಸಿಮ್ಯುಲೇಷನ್ ವಿದ್ಯಾರ್ಥಿಯೂ ಓದಬೇಕು. 2003ರ ಜನವರಿಯಲ್ಲಿ ಹಾರಬೇಕಿದ್ದ ರೊಸೆಟ್ಟಾ ನೌಕೆ ಈ ಅವಘಡದಿಂದಾಗಿ 2004ರ ಮಾರ್ಚ್‌ಗೆ ಹೋಯಿತು. ಅದು ಭೇಟಿ ಕೊಡಬೇಕಿದ್ದ ಧೂಮಕೇತುವೇ ಬದಲಾಯಿತು.

ಗೋಡೆಯ ಮೇಲೆ ಹೊರೆ ಎಲ್ಲಿಂದ ಬರುತ್ತದೆ? ಇಸ್ರೋದ ಸಿಇ-20 ಕ್ರಯೋಜನಿಕ್ ಎಂಜಿನ್ ಒಳ್ಳೆಯ ಉದಾಹರಣೆ. ಅದರ ನಾಜಲ್‌ನ ಬಾಯಿ ಗಂಟಲಿನ (ನಾಜಲ್‌ನ ಅತಿ ಕಿರಿದಾದ ಭಾಗದ) ನೂರು ಪಟ್ಟು ವಿಸ್ತೀರ್ಣದ್ದು. ಬಾಯಿಯಲ್ಲಿ ಅನಿಲದ ಒತ್ತಡ ಸುಮಾರು 50 ಮಿಲಿಬಾರ್, ಸಮುದ್ರಮಟ್ಟದ ಹೊರಗಾಳಿಯದ್ದು 1013. ಗೋಡೆಯ ಬಳಿಯ ಒತ್ತಡ ಹೊರಗಾಳಿಯ ಶೇ 40ರ ಆಸುಪಾಸಿಗೆ ಇಳಿದರೆ ಹರಿವು ಗೋಡೆ ಬಿಟ್ಟು ಬೇರ್ಪಡುತ್ತದೆ ಎಂಬುದು ಎಂಜಿನಿಯರುಗಳ ಹಳೆಯ ಅಂದಾಜು. ಅಂದರೆ ನೆಲದ ಮೇಲೆ ಈ ಎಂಜಿನ್ ಉರಿಸಿದರೆ ಒತ್ತಡ 400 ಮಿಲಿಬಾರ್ ಇರುವ ಜಾಗದಲ್ಲೇ, ಬಾಯಿಗಿಂತ ಬಹಳ ಒಳಗೇ, ಹರಿವು ಕಳಚಿಕೊಳ್ಳುತ್ತದೆ. ಆ ರೇಖೆ ಸುತ್ತಲೂ ಸಮವಾಗಿರುವುದಿಲ್ಲ; ಒಂದು ಮಗ್ಗುಲಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ ಓಡಾಡುತ್ತದೆ. ಅದರಿಂದ ಪಕ್ಕಕ್ಕೆ ಎಳೆಯುವ ಬಲ, ಕಂಪನ, ಆ ರೇಖೆಯುದ್ದಕ್ಕೂ ವಿಪರೀತ ಕಾವು. ಮಹೇಂದ್ರಗಿರಿಯಲ್ಲಿ ಎತ್ತರದ ನಿರ್ವಾತ ಸೃಷ್ಟಿಸುವ ಪರೀಕ್ಷಾ ಘಟಕ ಬೇಕಾದದ್ದು ಇದಕ್ಕಾಗಿಯೇ. 2024ರ ನವೆಂಬರ್ 29ರಂದು ಇದೇ ಎಂಜಿನನ್ನು ಸಮುದ್ರಮಟ್ಟದ ಒತ್ತಡದಲ್ಲೇ ಉರಿಸಲು ನಾಜಲ್ ರಕ್ಷಣಾ ವ್ಯವಸ್ಥೆಯೊಂದನ್ನು ಪ್ರತ್ಯೇಕವಾಗಿ ಅಳವಡಿಸಬೇಕಾಯಿತು.

ಗೋಡೆ ಸ್ವಲ್ಪ ಬಾಗಿದರೆ ಹರಿವು ಕಳಚುವ ರೇಖೆ ಜರುಗುತ್ತದೆ, ರೇಖೆ ಜರುಗಿದರೆ ಒತ್ತಡ ಬದಲಾಗುತ್ತದೆ, ಒತ್ತಡ ಗೋಡೆಯನ್ನು ಇನ್ನಷ್ಟು ಬಾಗಿಸಬಹುದು. ಗೋಡೆಯ ಬಿಗುವು ಗೆದ್ದರೆ ಕಂಪನದ ಆವರ್ತನವಷ್ಟೇ ಬದಲಾಗುತ್ತದೆ. ಅನಿಲ ಗೆದ್ದರೆ ನಾಜಲ್ ಹೋಗುತ್ತದೆ. ಸ್ವೀಡನ್‌ನ ಪೆಕ್ಕಾರಿ 1990ರ ದಶಕದಲ್ಲೇ ಇದಕ್ಕೊಂದು ಸರಳ ಗಣಿತದ ಮಾದರಿ ಕೊಟ್ಟರು. ಅಮೆರಿಕದ ಸ್ಪೇಸ್ ಷಟಲ್ ಎಂಜಿನ್ ಹೊತ್ತಿಕೊಳ್ಳುವ ನಿಧಾನಗತಿಯ ವಿಡಿಯೊ ನೋಡಿದವರಿಗೆ ಬೇರೆ ಪುರಾವೆ ಬೇಡ. ಸುಮಾರು 2.3 ಮೀಟರ್ ಅಡ್ಡಳತೆಯ ಲೋಹದ ಬಾಯಿ, ಎರಡು ಕಡೆಯಿಂದ ಅದುಮಿದ ತಗಡಿನ ಡಬ್ಬದಂತೆ ಒಮ್ಮೆ ಅತ್ತ ಒಮ್ಮೆ ಇತ್ತ ಚಪ್ಪಟೆಯಾಗುವುದು ಕಣ್ಣಿಗೇ ಕಾಣುತ್ತದೆ.

ಇದನ್ನು ಲೆಕ್ಕ ಹಾಕುವುದು ಹೇಗೆ? ಹರಿವಿಗೆ ಕೈಹಾಕುವ ಮೊದಲು ಗೋಡೆಯೊಂದನ್ನೇ ತೆಗೆದುಕೊಂಡು ಅದರ ಸ್ವಾಭಾವಿಕ ಆವರ್ತನಗಳನ್ನು, ಅಂದರೆ ತಟ್ಟಿಬಿಟ್ಟರೆ ಅದು ತಾನಾಗಿ ಕಂಪಿಸುವ ಗತಿಗಳನ್ನು, ಕಂಡುಕೊಳ್ಳಬೇಕು: ಪಕ್ಕಕ್ಕೆ ಬಾಗುವುದು, ಮೊಟ್ಟೆಯಾಕಾರವಾಗುವುದು, ಆಮೇಲೆ ಮೂರು ದಳ, ನಾಲ್ಕು ದಳದ ಆಕಾರಗಳು. ತಣ್ಣಗಿದ್ದಾಗ ಒಮ್ಮೆ, ಕಾದ ಗೋಡೆಯ ಕಡಿಮೆ ಬಿಗುವಿನೊಂದಿಗೆ ಇನ್ನೊಮ್ಮೆ. ಎಂಜಿನ್ ತೂಗಿನಿಂತಿರುವ ಗಿಂಬಲ್ ಮತ್ತು ಅದನ್ನು ತಿರುಗಿಸುವ ಆಕ್ಚುಯೇಟರ್‌ಗಳ ಬಿಗುವನ್ನು ಸೇರಿಸದೆ, ನಾಜಲ್‌ನ ಮೇಲಂಚನ್ನು ಬಿಗಿಯಾಗಿ ಕಟ್ಟಿಬಿಟ್ಟರೆ ಬಾಗುವ ಆವರ್ತನ ಇರಬೇಕಾದ್ದಕ್ಕಿಂತ ಜಾಸ್ತಿ ಬರುತ್ತದೆ. ಅಲ್ಲಿಗೆ ಮುಂದಿನ ಲೆಕ್ಕವೆಲ್ಲ ಹಳ್ಳ ಹಿಡಿದಂತೆ.

ಆಮೇಲೆ ಅಲುಗದ ಗೋಡೆಯೊಂದಿಗೆ ಹರಿವಿನ ಲೆಕ್ಕ. ಲೆಕ್ಕಕ್ಕಾಗಿ ಅನಿಲದ ಜಾಗವನ್ನು ಸಣ್ಣ ಕೋಶಗಳ ಬಲೆಯಾಗಿ (ಮೆಶ್) ಹೆಣೆಯುತ್ತಾರೆ; ಗೋಡೆಗೆ ಅಂಟಿದ ಮೊದಲ ಕೋಶ ಅತಿ ತೆಳುವಾಗಿರಬೇಕು, ಗೋಡೆಯಿಂದ ದೂರವನ್ನು ಹೇಳುವ ವೈ-ಪ್ಲಸ್ ಎಂಬ ಸಂಖ್ಯೆ ಒಂದರ ಆಸುಪಾಸು. ಬಿಸಿ ಅನಿಲಕ್ಕೆ ಗಾಳಿಯ ಗ್ಯಾಮಾ (ಅನಿಲದ ಎರಡು ವಿಶಿಷ್ಟೋಷ್ಣಗಳ ಅನುಪಾತ) 1.4 ಹಾಕಬಾರದು, ಹೈಡ್ರೋಜನ್-ಆಮ್ಲಜನಕದ ದಹನಾನಿಲಕ್ಕೆ ಅದು 1.2ರ ಹತ್ತಿರ. ಟರ್ಬುಲೆನ್ಸ್ (ಹರಿವಿನ ಸುಳಿದಾಟ) ಮಾದರಿ ಬದಲಿಸಿದರೆ ಹರಿವು ಕಳಚುವ ಜಾಗವೂ ಬದಲಾಗುತ್ತದೆ; ಹಾಗಾಗಿ ಒಂದೇ ಮಾದರಿಯ ಉತ್ತರವನ್ನು ನೆಚ್ಚಿಕೊಳ್ಳಬೇಡಿ. ಮೆಶ್ ಮೂರು ಹಂತಗಳಲ್ಲಿ ಸಣ್ಣದಾಗಿಸಿದರೂ ಆ ಜಾಗ ಓಡಾಡುತ್ತಿದ್ದರೆ ಗೋಡೆ ಸೇರಿಸುವ ಹೊತ್ತು ಇನ್ನೂ ಬಂದಿಲ್ಲ.

ನಾವು ಮತ್ತೆಮತ್ತೆ ಕಾಣುವ ತಪ್ಪು ಸಮಯ ಉಳಿಸಲು ನಾಜಲ್‌ನ ಕಾಲು ಭಾಗವನ್ನಷ್ಟೇ ತೆಗೆದುಕೊಳ್ಳುವುದು. ಉಳಿದ ಭಾಗವೂ ಹೀಗೆಯೇ ಎಂದು ಸಮ್ಮಿತಿಯ ಗಡಿ ಹಾಕಿದ ಕೂಡಲೇ ಪಕ್ಕಕ್ಕೆ ಬಾಗುವ ಚಲನೆ ಸತ್ತುಹೋಗುತ್ತದೆ, ಪಕ್ಕದ ಬಲವಂತೂ ಹುಟ್ಟುವುದೇ ಇಲ್ಲ. ಈ ಸಮಸ್ಯೆಗೆ ಪೂರ್ತಿ 360 ಡಿಗ್ರಿ ಬೇಕೇ ಬೇಕು.

ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಹರಿವಿನ ಪ್ರೋಗ್ರಾಂ ಒಳಗಿನ ಪೂರ್ಣ ಒತ್ತಡ ಕೊಡುತ್ತದೆ, ಅದನ್ನು ಹಾಗೆಯೇ ಗೋಡೆಗೆ ಹಚ್ಚುತ್ತಾರೆ, ಹೊರಗಾಳಿ ಮರೆತುಹೋಗುತ್ತದೆ. ಒಳಗೆ 400 ಮಿಲಿಬಾರ್, ಹೊರಗೆ 1013 ಇರುವ ಜಾಗದಲ್ಲಿ ನಿಜವಾದ ಹೊರೆ ಒಳಮುಖವಾಗಿ ಸುಮಾರು 600 ಮಿಲಿಬಾರ್, ಅಂದರೆ ಚದರ ಮೀಟರಿಗೆ ಆರು ಟನ್‌ಗಿಂತ ಹೆಚ್ಚು. ಹೊರಗಾಳಿ ಮರೆತ ಲೆಕ್ಕ ಅದೇ ಗೋಡೆ ಹೊರಕ್ಕೆ ಉಬ್ಬುತ್ತದೆ ಎನ್ನುತ್ತದೆ. ತೆಳು ಗೋಡೆ ಒಳಕ್ಕೆ ಕುಸಿಯುವ ಅಪಾಯವಿರುವ ಕಡೆಯೇ ಕಂಪ್ಯೂಟರ್ ಕ್ಷೇಮ ಎಂದು ಹೇಳಿಬಿಡುತ್ತದೆ.

ಹರಿವನ್ನೂ ಗೋಡೆಯನ್ನೂ ಜೋಡಿಸುವ ಹಂತದಲ್ಲಿ ಎರಡು ಮೆಶ್‌ಗಳು ಒಂದರ ಮೇಲೊಂದು ಕೂರುವುದಿಲ್ಲ. ಬಲವನ್ನೂ ಸ್ಥಾನಪಲ್ಲಟವನ್ನೂ ಒಂದರಿಂದ ಇನ್ನೊಂದಕ್ಕೆ ದಾಟಿಸಬೇಕು. ದಾಟಿಸಿದ ಮೇಲೆ ಎರಡೂ ಕಡೆಯ ಒಟ್ಟು ಬಲ ಕೂಡಿ ನೋಡಿ. ತಾಳೆಯಾಗದಿದ್ದರೆ ಅಲ್ಲಿಗೇ ನಿಲ್ಲಿಸಿ. ಗೋಡೆಯ ಜೊತೆ ಮೆಶ್ ಚಲಿಸುವಾಗ ಬರೀ ಆ ಚಲನೆಯಿಂದಲೇ ಇಲ್ಲದ ಒತ್ತಡ ಹುಟ್ಟಬಹುದು. ಪರೀಕ್ಷೆ ಸುಲಭ: ಏಕರೂಪದ ಹರಿವಿನಲ್ಲಿ ಒಳಗಿನ ಮೆಶ್ ಅಲ್ಲಾಡಿಸಿದರೂ ಹರಿವು ಏಕರೂಪವಾಗಿಯೇ ಉಳಿಯಬೇಕು. ಲೋಹದ ಗೋಡೆಗೆ ಹೋಲಿಸಿದರೆ ಅನಿಲ ಬಹಳ ಹಗುರ, ಹಾಗಾಗಿ ಲೆಕ್ಕದ ಪ್ರತಿ ಕಾಲ-ಹೆಜ್ಜೆಗೆ ಒಂದೊಂದು ಸಲ ಮಾಹಿತಿ ಬದಲಿಸಿಕೊಂಡರೂ ಲೆಕ್ಕ ಸಾಮಾನ್ಯವಾಗಿ ಸಿಡಿಯುವುದಿಲ್ಲ. ನೀರಿನ ಕೊಳವೆಗೆ ಈ ರಿಯಾಯಿತಿ ಇಲ್ಲ.

ಖರ್ಚಾಗುವುದು ಕಾಲ. 30 ಹರ್ಟ್ಸ್‌ನಲ್ಲಿ ಬಾಗುವ ನಾಜಲ್‌ಗೆ ಒಂದು ತೂಗಾಟಕ್ಕೆ 33 ಮಿಲಿಸೆಕೆಂಡ್ ಬೇಕು. ಶಾಕ್ ತರಂಗ ಹಿಡಿಯಲು ಹರಿವಿನ ಹೆಜ್ಜೆ ಒಂದು ಮೈಕ್ರೋಸೆಕೆಂಡ್ ಇರಬೇಕಾಗಬಹುದು. ಎಂಜಿನ್ ಹೊತ್ತಿಕೊಳ್ಳುವ ಮೂರು ಸೆಕೆಂಡಿಗೆ 30 ಲಕ್ಷ ಹೆಜ್ಜೆ. ಕಾಯಲಾರದೆ ಹೆಜ್ಜೆ ದೊಡ್ಡದು ಮಾಡಿದರೆ ಲೆಕ್ಕದ ವಿಧಾನವೇ ಕಂಪನವನ್ನು ನುಂಗಿಹಾಕುತ್ತದೆ, ಪರದೆಯ ಮೇಲೆ ನಾಜಲ್ ಶಾಂತವಾಗಿ ನಿಂತಿರುತ್ತದೆ. ಬೆಳೆಯಬೇಕಾದ ಕಂಪನ ಅಡಗಿದ್ದು ಗೋಡೆಯ ಗುಣದಿಂದಲೋ ಹೆಜ್ಜೆಯ ಅಳತೆಯಿಂದಲೋ ಎಂದು ತಿಳಿಯಲು ಹೆಜ್ಜೆ ಅರ್ಧ ಮಾಡಿ ಮತ್ತೆ ಓಡಿಸಲೇಬೇಕು.

ಗೋಡೆಯ ವಸ್ತುವೂ ಬದಲಾಗುತ್ತಿದೆ. ಪಿಎಸ್‌ಎಲ್‌ವಿಯ ನಾಲ್ಕನೇ ಹಂತಕ್ಕೆ ಇಸ್ರೋದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರ (ವಿಎಸ್‌ಎಸ್‌ಸಿ) ರೂಪಿಸಿದ ಕಾರ್ಬನ್-ಕಾರ್ಬನ್ ನಾಜಲ್ ಹಳೆಯ ಕೊಲಂಬಿಯಂ ಮಿಶ್ರಲೋಹದ್ದಕ್ಕಿಂತ ಶೇ 67ರಷ್ಟು ಹಗುರ ಎಂದು ಇಸ್ರೋ 2024ರಲ್ಲಿ ಹೇಳಿತು. ತೂಕವೂ ಬಿಗುವೂ ಹೀಗೆ ಬದಲಾದಾಗ ಹಳೆಯ ನಾಜಲ್‌ನ ಕಂಪನದ ಲೆಕ್ಕವನ್ನು ಹೊಸದಕ್ಕೆ ಹೊದಿಸಲಾಗದು.

ಸಾಫ್ಟ್‌ವೇರ್‌ಗೆ ದುಡ್ಡಿಲ್ಲ ಎಂಬ ಕಾರಣ ಈಗ ನಿಲ್ಲದು. ಹರಿವಿಗೆ ಓಪನ್‌ಫೋಮ್ ಅಥವಾ ಎಸ್‌ಯು2, ಗೋಡೆಗೆ ಕ್ಯಾಲ್ಕ್ಯುಲಿಕ್ಸ್, ಎರಡನ್ನೂ ಜೋಡಿಸಲು ಪ್ರಿಸೈಸ್ ಎಲ್ಲವೂ ಉಚಿತ. ನೇರವಾಗಿ ನಾಜಲ್‌ಗೆ ಹೋಗದೆ, ಶಬ್ದಾತೀತ ಹರಿವಿಗೆ ಒಡ್ಡಿದ, ಎರಡು ಅಂಚುಗಳಲ್ಲಿ ಆಧಾರವಿರುವ ತೆಳು ತಗಡಿನಿಂದ ಶುರುಮಾಡಲಿ. ಹರಿವಿನ ಚಲನ ಒತ್ತಡದ ಎರಡರಷ್ಟನ್ನು ತಗಡಿನ ಉದ್ದದ ಘನದಿಂದ ಗುಣಿಸಿ, ಬಾಗುವ ಬಿಗುವಿನಿಂದಲೂ ಮ್ಯಾಕ್ ಸಂಖ್ಯೆಯ (ವೇಗ ಶಬ್ದದ ವೇಗದ ಎಷ್ಟು ಪಟ್ಟು ಎಂಬುದರ) ವರ್ಗದಲ್ಲಿ ಒಂದು ಕಳೆದು ಬರುವುದರ ವರ್ಗಮೂಲದಿಂದಲೂ ಭಾಗಿಸಿದರೆ ಬರುವ ಸಂಖ್ಯೆ 343ರ ಸುತ್ತ ತಲುಪಿದಾಗ ತಗಡು ತಾನಾಗಿ ಅದುರತೊಡಗಬೇಕು. ಮ್ಯಾಕ್ 2ರ ಮೇಲಿನ ವೇಗದಲ್ಲಿ ನಿಮ್ಮ ಲೆಕ್ಕ ಇದರ ಹತ್ತಿರವೂ ಬಾರದಿದ್ದರೆ ನಾಜಲ್‌ಗೆ ಇನ್ನೂ ಕಾಯಬೇಕು.

ಕಾಲೇಜುಗಳಿಗೆ ಸಿಗದಿರುವುದು ಅಳತೆಯ ದತ್ತಾಂಶ. ಜರ್ಮನಿಯ ಲಾಂಪೋಲ್ಡ್ಸ್‌ಹೌಸನ್‌ನಲ್ಲಿ ತಣ್ಣನೆಯ ಸಾರಜನಕ ಹರಿಸಿ ಚಿಕ್ಕ ನಾಜಲ್‌ಗಳನ್ನು ಪರೀಕ್ಷಿಸುತ್ತಾರೆ. ಬೆಂಕಿಯೂ ಬೇಡ, ಇಂಧನವೂ ಬೇಡ. ಬೆಂಗಳೂರಿನಲ್ಲಿ ಐಐಎಸ್‌ಸಿ ಇದೆ, ಎನ್‌ಎಎಲ್ ಇದೆ, ಎಚ್‌ಎಎಲ್‌ನ ಕ್ರಯೋಜನಿಕ್ ಎಂಜಿನ್ ತಯಾರಿಕಾ ಘಟಕ 2022ರಿಂದ ಇಲ್ಲೇ ಇದೆ. ಇಸ್ರೋದ ರೆಸ್ಪಾಂಡ್ ಯೋಜನೆ ವಿಶ್ವವಿದ್ಯಾಲಯಗಳ ಸಂಶೋಧನೆಗೆ ಹಣ ಕೊಡುತ್ತದೆ. ಯಾವ ಹಾರಾಟದ ಎಂಜಿನ್‌ಗೂ ಸಂಬಂಧವಿಲ್ಲದ, ಗುಟ್ಟು ಬಿಟ್ಟುಕೊಡದ ಒಂದು ಚಿಕ್ಕ ತೆಳುಗೋಡೆಯ ನಾಜಲ್ ಮಾಡಿ, ಅದರ ಪೂರ್ತಿ ಆಕಾರ, ಗೋಡೆಯ ದಪ್ಪ, ಉದ್ದಕ್ಕೂ ಸುತ್ತಲೂ ಅಳೆದ ಒತ್ತಡ, ಗೋಡೆಯ ಹಿಗ್ಗು-ಕುಗ್ಗು ಅಳೆಯುವ ಸ್ಟ್ರೇನ್ ಗೇಜ್‌ಗಳ ದಾಖಲೆ, ಪಕ್ಕದ ಬಲ ಇಷ್ಟನ್ನೂ ಎಲ್ಲರಿಗೂ ತೆರೆದಿಡಬೇಕೆಂದು ಈ ಸಂಸ್ಥೆಗಳನ್ನು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇವೆ. ಕಾಲೇಜುಗಳೂ ಅಂತಿಮ ವರ್ಷದ ಪ್ರಾಜೆಕ್ಟ್ ಒಪ್ಪುವ ಮುನ್ನ ಬಣ್ಣದ ಚಿತ್ರದ ಪಕ್ಕದಲ್ಲಿ ಪ್ರಯೋಗದಲ್ಲಿ ಅಳೆದ ದತ್ತಾಂಶದ ಗೆರೆ ಇದೆಯೇ ಎಂದು ನೋಡಲಿ.

— ಏರೋಸ್ಪೇಸ್ ಎಂಜಿನಿಯರಿಂಗ್ ಬೋಧಕರು, ಬೆಂಗಳೂರು